ಊರು ಮೇಲೆ, ಸಂತೆ ಕೆಳಗೆ

ಫ್ರಾನ್ಸಿನ ಬೆಟ್ಟದ ಮೇಲಿನ ಹಳೇ ಊರುಗಳ ವಿಡಿಯೋ ಹಾಕುವವರೆಲ್ಲ ಒಂದೇ ಮಾತು ಬರೆಯುತ್ತಾರೆ. "ಕಾಲವೇ ನಿಂತುಬಿಟ್ಟ ಊರು." ಸುಳ್ಳು ಯಾಕೆ ಹೇಳಲಿ, ನಾನೂ ಮೊದಲ ಸಲ ಹೋದಾಗ ಫೋಟೋ ಜೊತೆ ಅದನ್ನೇ ಬರೆದಿದ್ದೆ. ಹೋದ ನವೆಂಬರಿನಲ್ಲಿ ಅಮ್ಮನನ್ನು ಕರೆದುಕೊಂಡು ಕೋರ್ಡ್-ಸುರ್-ಸಿಯೆಲ್‌ಗೆ ಇನ್ನೊಮ್ಮೆ ಹೋಗಿ ಬಂದೆ. ಬಂದ ಮೇಲೆ ಆ ಸಾಲನ್ನು ಅಳಿಸಿಬಿಟ್ಟೆ.

ನಾನಿರುವ ತುಲೂಸ್‌ನಿಂದ ಕಾರಿನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ದಾರಿ. ಇನ್ನೂ ಕತ್ತಲಿರುವಾಗಲೇ ಹೊರಟೆವು. ಆ ಕಾಲದಲ್ಲಿ ಮುಂಜಾನೆ ಸೆರೂ ಹೊಳೆಯ ಕಣಿವೆಯಲ್ಲಿ ಮಂಜು ತುಂಬಿಕೊಂಡಿರುತ್ತದೆ. ಎದುರಿನ ದಿಣ್ಣೆಯಿಂದ ನೋಡಿದರೆ ಕೆಳಗೆ ನೆಲವೇ ಇಲ್ಲ, ಮೇಲೆ ಒಂದಷ್ಟು ಹೆಂಚಿನ ಮಾಡು ಮಾತ್ರ. ಅಮ್ಮ ಎರಡು ನಿಮಿಷ ಸುಮ್ನೆ ನಿಂತಳು. ಆಮೇಲೆ, "ಮಂಜು ಕರಗೋ ತನಕ ಕಾರಲ್ಲೇ ಕೂತಿರೋಣ ಕಣೇ, ಚಳಿ" ಅಂದಳು.

ಹೆಸರಿನ ಅರ್ಥ "ಆಕಾಶದ ಮೇಲಿನ ಕೋರ್ಡ್". ಕೇಳಿದರೆ ಯಾವುದೋ ರಾಜನ ಕಾಲದ ಹೆಸರು ಅನಿಸುತ್ತದೆ, ಅಲ್ವಾ? 1993ರವರೆಗೆ ಊರಿನ ಹೆಸರು ಬರೀ ಕೋರ್ಡ್. ಬಾಲ ಆಮೇಲೆ ಸೇರಿದ್ದು. ಅದು ನನಗಿಂತ ಚಿಕ್ಕದು.

ಗಾಡಿ ಕೆಳಗೇ ಬಿಟ್ಟು ಹತ್ತಬೇಕು. ಪ್ರವಾಸಿಗರನ್ನು ಮೇಲೆ ಕರೆದೊಯ್ಯುವ ಪುಟ್ಟ ರೈಲುಗಾಡಿ ಅವತ್ತು ಇರಲಿಲ್ಲ. ಅಮ್ಮನಿಗೆ ಮಂಡಿನೋವು. ಒಂದು ಬಾಗಿಲು ದಾಟಿದರೆ ಇನ್ನೊಂದು ಬಾಗಿಲು, ಅದರ ಹಿಂದೆ ಮತ್ತೊಂದು ಏರು. ನಮ್ಮದು ಚಿತ್ರದುರ್ಗ. ಕೋಟೆ ಹತ್ತುವುದು ಅವಳಿಗೆ ಹೊಸದಲ್ಲ. ಮೂರನೇ ಕಡೆ ಕುಳಿತಾಗ ಕೇಳಿದಳು: "ಇಷ್ಟು ಮೇಲಕ್ಕೆ ನೀರು ಯಾರು ಹೊರ್ತಿದ್ರು? ನಮ್ಮಲ್ಲಿ ಅಕ್ಕ-ತಂಗಿ ಹೊಂಡ ಇದೆ. ಇವರದ್ದೆಲ್ಲಿ?"

ನಾನು ಮೊದಲ ಸಲ ಬಂದಾಗ ಈ ಪ್ರಶ್ನೆಯೇ ಹೊಳೆದಿರಲಿಲ್ಲ. ಬರೀ ಕಿಟಕಿಗಳ ಫೋಟೋ ತೆಗೆದಿದ್ದೆ.

ಉತ್ತರ ಬೆಟ್ಟದ ನೆತ್ತಿಯಲ್ಲೇ ಇದೆ. ಊರ ನಡುವೆ ಹಳೇ ಸಂತೆಕಟ್ಟೆ. ಎಂಟು ಮೂಲೆಯ ಕಲ್ಲುಕಂಬಗಳು, ಮೇಲೆ ಮರದ ತೊಲೆ, ಹೆಂಚು. ಅದರಡಿ ಒಂದು ಬಾವಿ. ಆಳ 113 ಮೀಟರ್! ನೆತ್ತಿಯಿಂದ ಬಂಡೆ ಕೊರೆಯುತ್ತಾ ಹೋಗಿದ್ದಾರೆ, ಮುತ್ತಿಗೆ ಬಿದ್ದರೆ ನೀರು ಬೇಕಲ್ಲ. ಧರ್ಮವಿಚಾರಣೆಗೆ ಬಂದ ಮೂವರು ಪಾದ್ರಿಗಳನ್ನು ಊರವರು ಇದರೊಳಗೆ ಎಸೆದರು ಅಂತ ಒಂದು ಕಥೆ ಇದೆ. ಕಥೆ ಅಷ್ಟೇ. ಆದರೆ ಗೈಡ್‌ಗಳು ಬಾವಿ ತೋಡಿದವರ ಬಗ್ಗೆ ಒಂದು ಮಾತು ಆಡುತ್ತಾರೆ, ಪಾದ್ರಿಗಳ ಬಗ್ಗೆ ಹತ್ತು.

ಇನ್ನು ನನ್ನ ತಕರಾರಿಗೆ ಬರುತ್ತೇನೆ. ಈ ಊರು ತಾನಾಗಿ ಬೆಳೆದ ಪುರಾತನ ಹಳ್ಳಿಯೇ ಅಲ್ಲ. 1222ರಲ್ಲಿ ತುಲೂಸ್‌ನ ಕೌಂಟ್ ಏಳನೇ ರೇಮೊಂ ಕಟ್ಟಿಸಿದ ಹೊಸ ಬಡಾವಣೆ ಇದು. 1209ರಿಂದ ಈ ಸೀಮೆಯಲ್ಲಿ ಯುದ್ಧ. ಕ್ಯಾಥರ್ ಎಂಬ ಪಂಥದವರನ್ನು ಅಡಗಿಸಬೇಕು ಅಂತ ಪೋಪ್ ಕರೆ ಕೊಟ್ಟು, ಉತ್ತರದಿಂದ ದಂಡು ಬಂದಿತ್ತು. ಊರೂರು ಹಾಳಾಗಿ ಜನ ದಿಕ್ಕಾಪಾಲಾಗಿದ್ದರು. ಅವರಿಗೆ ಜಾಗ, ತೆರಿಗೆಯಲ್ಲಿ ರಿಯಾಯಿತಿ, ಒಂದಿಷ್ಟು ಹಕ್ಕು ಬರೆದುಕೊಟ್ಟು ಬೆಟ್ಟದ ಮೇಲೆ ಕೂರಿಸಿದ. ಅಂಥ ಹೊಸ ಊರಿಗೆ ಇಲ್ಲಿ ಬಾಸ್ತೀದ್ ಅನ್ನುತ್ತಾರೆ. ಬಂದವರು ಬಟ್ಟೆ, ಚರ್ಮದ ವ್ಯಾಪಾರದಲ್ಲಿ ದುಡ್ಡು ಮಾಡಿ ಮನೆ ಕಟ್ಟಿದರು. ಮುಖ್ಯ ಬೀದಿಯಲ್ಲಿ ಒಂದು ಮನೆಯ ಗೋಡೆ ತುಂಬ ಬೇಟೆಯ ಕೆತ್ತನೆ ಇದೆ. ಕುದುರೆ ಸವಾರ, ನಾಯಿ, ಕಾಡುಹಂದಿ. ಅದಕ್ಕೆ "ಬೇಟೆ ಅಧಿಕಾರಿಯ ಮನೆ" ಅಂತ ಹೆಸರು. ಯಾವ ಅಧಿಕಾರಿಯೂ ಅಲ್ಲಿರಲಿಲ್ಲ, ಕೆತ್ತನೆ ನೋಡಿ ಆಮೇಲೆ ಇಟ್ಟ ಹೆಸರು. ಇದ್ದವನು ದುಡ್ಡಿನ ಶೆಟ್ಟಿ.

ಈ ಸೀಮೆಯ ಸಿರಿಗೆ ಇನ್ನೊಂದು ಕಾರಣ ಒಂದು ಸೊಪ್ಪು. ಪಾಸ್ತೆಲ್ ಅನ್ನುತ್ತಾರೆ. ಎಲೆ ಅರೆದು, ಉಂಡೆ ಕಟ್ಟಿ, ಒಣಗಿಸಿ, ಕೊಳೆಸಿ ನೀಲಿ ಬಣ್ಣ ತೆಗೆಯುತ್ತಿದ್ದರು. ತುಲೂಸ್‌ನ ದೊಡ್ಡ ದೊಡ್ಡ ಬಂಗಲೆಗಳಲ್ಲಿ ಎಷ್ಟೋ ಆ ಉಂಡೆಗಳ ದುಡ್ಡಿನಲ್ಲಿ ಎದ್ದವು. ಇದನ್ನು ಮುಗಿಸಿದ್ದರಲ್ಲಿ ನಮ್ಮ ಪಾಲೂ ಇದೆ. ಹಡಗಿನಲ್ಲಿ ಭಾರತದ ನೀಲಿ ಬಂತು. ಬಣ್ಣ ಗಾಢ, ಕೆಲಸ ಕಮ್ಮಿ. ಒಳಗಿನ ಧರ್ಮಯುದ್ಧಗಳೂ ಸೇರಿ ಪಾಸ್ತೆಲ್ ಕುಸಿಯಿತು. 1609ರಲ್ಲಿ ರಾಜ ನಾಲ್ಕನೇ ಹೆನ್ರಿ ನಮ್ಮ ನೀಲಿ ಬಳಸಿದರೆ ಮರಣದಂಡನೆ ಅಂತ ಆಜ್ಞೆಯನ್ನೂ ಹೊರಡಿಸಿದ. ಉಪಯೋಗವಾಗಲಿಲ್ಲ. ಅಮ್ಮನಿಗೆ ಇದನ್ನು ಹೇಳಿದರೆ, "ಬಟ್ಟೆಗೆ ಹಾಕೋ ನೀಲಿಗೆ ನೇಣಾ?" ಅಂತ ನಕ್ಕಳು. ನಾನೂ ನಕ್ಕೆ. ಆದರೆ ಸೊಪ್ಪು ಅರೆದೇ ಬದುಕುತ್ತಿದ್ದವರಿಗೆ ನಗು ಬಂದಿರಲಾರದು.

ಆಮೇಲೆ ಊರು ಬಡವಾಯಿತು. 19ನೇ ಶತಮಾನದ ಕೊನೆಗೆ ಸ್ವಿಟ್ಜರ್ಲೆಂಡಿನಿಂದ ಕಸೂತಿ ಯಂತ್ರ ಬಂದವು, ಮತ್ತೆ ಸ್ವಲ್ಪ ದುಡ್ಡು ಕಂಡಿತು. ಅದೂ ಹೋಯಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಈವ್ ಬ್ರಾಯೆ ಎಂಬ ಚಿತ್ರಕಾರ ಬಂದು ನೆಲೆಸಿದ, ಅವನ ಹಿಂದೆ ಬೇರೆ ಕಲಾವಿದರು. 2014ರಲ್ಲಿ ಟಿವಿ ಕಾರ್ಯಕ್ರಮವೊಂದರಲ್ಲಿ ಫ್ರೆಂಚರ ಮೆಚ್ಚಿನ ಹಳ್ಳಿ ಅಂತ ಗೆದ್ದೂ ಬಿಟ್ಟಿತು. ಬಟ್ಟೆ, ಚರ್ಮ, ಕಸೂತಿ, ಚಿತ್ರ, ಈಗ ನಾವು ಪ್ರವಾಸಿಗರು. ಇಷ್ಟು ಸಲ ಕಸುಬು ಬದಲಿಸಿದ ಊರಲ್ಲಿ ಕಾಲ ನಿಂತದ್ದೆಲ್ಲಿ?

ಗೋಡೆಗಳು ಉಳಿದಿರುವುದನ್ನು ನೋಡಿ "ಇವರಿಗೆ ಎಂಥಾ ಅಭಿರುಚಿ, ನಮ್ಮವರು ಎಲ್ಲ ಕೆಡವಿಬಿಡುತ್ತಾರೆ" ಅನ್ನುವ ಸ್ನೇಹಿತರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಎಷ್ಟೋ ತಲೆಮಾರು ಇಲ್ಲಿನವರ ಕೈಯಲ್ಲಿ ಕೆಡವಿ ಕಟ್ಟುವಷ್ಟು ದುಡ್ಡಿರಲಿಲ್ಲ. ಕಾಪಾಡಬೇಕು ಎಂಬ ಬುದ್ಧಿ, ಕಾನೂನು ಎಲ್ಲ ತಡವಾಗಿ ಬಂದವು. ಅಷ್ಟರಲ್ಲಿ ಬಡತನವೇ ಮುಕ್ಕಾಲು ಕೆಲಸ ಮುಗಿಸಿತ್ತು.

ನವೆಂಬರಿನಲ್ಲಿ ಹೋದರೆ ಇನ್ನೊಂದು ವಿಷಯ ಕಾಣುತ್ತದೆ. ಮೇಲಿನ ಬೀದಿಯಲ್ಲಿ ಅಂಗಡಿಗಳ ಬಾಗಿಲು ಹಾಕಿತ್ತು. ಕಿಟಕಿಗಳೂ ಮುಚ್ಚಿದ್ದವು. ಒಂದು ಬೆಕ್ಕು ನಮ್ಮ ಜೊತೆ ಸ್ವಲ್ಪ ದೂರ ನಡೆಯಿತು. ಬಿಸಿಯಾಗಿ ಏನಾದರೂ ಕುಡಿಯೋಣ ಅಂದರೆ ಒಂದು ಕೆಫೆಯೂ ತೆರೆದಿರಲಿಲ್ಲ. ಅಮ್ಮ ಸಂತೆಕಟ್ಟೆಯ ಕಂಬಕ್ಕೆ ಒರಗಿ, ಫ್ಲಾಸ್ಕಿನ ಕೊನೇ ಲೋಟ ಕಾಫಿ ಕುಡಿದು, "ಸಂತೆ ಇಲ್ಲದ ಸಂತೆಕಟ್ಟೆ" ಅಂದಳು.

ಅವತ್ತು ಶನಿವಾರ. ಸಂತೆ ಇತ್ತು, ಬೆಟ್ಟದ ಬುಡದಲ್ಲಿ. ಇಳಿದು ಬಂದರೆ ಜನವೋ ಜನ. ಚೀಸು, ಜೇನು, ಬೆಂಡೆಯಷ್ಟುದ್ದದ ಮೂಲಂಗಿ, ಹುರಿದ ಚೆಸ್ಟ್‌ನಟ್. ಗಾಡಿ ನಿಲ್ಲಿಸಲು ಜಗಳ ಆಡುತ್ತಿದ್ದ ಇಬ್ಬರು ಅಜ್ಜಂದಿರು. ಅಮ್ಮನ ಮಂಡಿನೋವು ಎಲ್ಲಿ ಹೋಯಿತೋ, ನನ್ನನ್ನು ಬಿಟ್ಟು ಮುಂದೆ ನಡೆದಳು. ಒಬ್ಬ ಮುದುಕಿಯ ಹತ್ತಿರ ಲೋತ್ರೆಕ್‌ನ ಗುಲಾಬಿ ಬೆಳ್ಳುಳ್ಳಿ ಗೊಂಚಲು ನೋಡಿದಳು. ಈ ಜಿಲ್ಲೆಯದೇ ಬೆಳೆ, ದಂಟು ಗಟ್ಟಿ, ಹೆಣೆಯಲು ಬರುವುದಿಲ್ಲ ಅಂತ ಗೊಂಚಲು ಕಟ್ಟುತ್ತಾರೆ. ಇವಳಿಗೆ ಫ್ರೆಂಚ್ ಬಾರದು, ಅವಳಿಗೆ ಕನ್ನಡ ಬಾರದು. ಬೆರಳೆಣಿಸಿ, ತಲೆಯಾಡಿಸಿ, ಐದು ನಿಮಿಷ ಚೌಕಾಸಿ ನಡೆಯಿತು. ಕೊನೆಗೆ ಆ ಮುದುಕಿ ಬೆಲೆ ಇಳಿಸಲಿಲ್ಲ, ಆದರೆ ಒಂದು ಗಡ್ಡೆ ಜಾಸ್ತಿ ಹಾಕಿದಳು.

ಅದು ಈಗಲೂ ನಮ್ಮ ಅಡುಗೆಮನೆ ಕಿಟಕಿಯಲ್ಲಿ ನೇತಾಡುತ್ತಿದೆ. ಅರ್ಧ ಖಾಲಿ.