ಅಜ್ಜಿಯ ಸ್ಪ್ಯಾನಿಷ್, ಮೊಮ್ಮಗಳ ‘ನೋ ಸಾಬೊ’

ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಹತ್ತರಲ್ಲಿ ಆರು ಜನಕ್ಕಿಂತ ಜಾಸ್ತಿ ಲ್ಯಾಟಿನೋಗಳು, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರು. ನಮ್ಮಂಥ ಗೋಧಿ ಬಣ್ಣ, ಕಪ್ಪು ಕೂದಲಿನವರು ಕಂಡರೆ ಇಲ್ಲಿ ಮೊದಲ ಮಾತೇ ಸ್ಪ್ಯಾನಿಷ್. ಬರಲ್ಲ ಅಂದರೆ ಸುಲಭಕ್ಕೆ ನಂಬುವುದೂ ಇಲ್ಲ. ಒಮ್ಮೆ ತರಕಾರಿ ಅಂಗಡಿಯಲ್ಲಿ ಒಬ್ಬರು ಅಜ್ಜಿ ಬೆಣ್ಣೆಹಣ್ಣು ಒತ್ತಿ ನೋಡುತ್ತಾ ನನ್ನನ್ನು ಏನೋ ಕೇಳಿದರು. ನಾನು ಕೈಯಾಡಿಸಿ ‘ನೋ ಎಸ್ಪಾನ್ಯೋಲ್’ ಅಂದೆ. ಅಜ್ಜಿ ಲೊಚಗುಟ್ಟಿದರು. ‘ಆಯ್, ಮಿಹಾ!’ ಅಂತ ಶುರುಮಾಡಿ, ಅಮ್ಮ ಕಲಿಸಲಿಲ್ವಾ, ನಾಚಿಕೆ ಆಗಲ್ವಾ ಅಂತ ಇಂಗ್ಲಿಷ್‌ನಲ್ಲೇ ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಮಿಹಾ ಅಂದರೆ ಮಗಳೇ. ಬೈಯುವಾಗಲೂ ಮಗಳೇ!

ನಾನು ಇಂಡಿಯಾದವಳು ಅಂದೆ. ಅಜ್ಜಿ ಒಂದು ಗಳಿಗೆ ಸುಮ್ಮನಾದರು. ‘ಹಾಗಾದ್ರೆ ನಿನ್ನ ಭಾಷೆ ಬರುತ್ತಾ?’ ಅಂದರು. ಬರುತ್ತೆ ಅಂದೆ. ‘ಮಕ್ಕಳಿಗೆ?’ ಅಂದರು. ನಾನು ತಕ್ಷಣ ಬೆಣ್ಣೆಹಣ್ಣಿನ ಬೆಲೆ ನೋಡತೊಡಗಿದೆ.

ನಮ್ಮ ಪಕ್ಕದ ಮನೆಯವರು ಮೆಕ್ಸಿಕನ್ ಮೂಲದವರು. ಅಜ್ಜಿ, ಮಗಳು, ಮೊಮ್ಮಗಳು, ಒಂದು ನಾಯಿ. ನಾಯಿಗೆ ಸ್ಪ್ಯಾನಿಷ್ ಮಾತ್ರ ಗೊತ್ತು. ನಾನು ಇಂಗ್ಲಿಷ್‌ನಲ್ಲಿ ‘ಸಿಟ್’ ಅಂದರೆ ನನ್ನನ್ನೇ ಪಾಪ ಅನ್ನುವಂತೆ ನೋಡುತ್ತೆ. ಮನೆಯೊಳಗೆ ಎರಡು ಭಾಷೆಗೂ ಕೆಲಸ ಹಂಚಿಕೆಯಾಗಿದೆ. ಹೋಮ್‌ವರ್ಕ್, ಬಿಲ್ಲು, ಬ್ಯಾಂಕು ಎಲ್ಲ ಇಂಗ್ಲಿಷ್. ಪ್ರಾರ್ಥನೆ, ಬೈಗುಳ, ಗಾಸಿಪ್ ಸ್ಪ್ಯಾನಿಷ್. ಹುಡುಗಿ ಬಿದ್ದು ಮಂಡಿ ತರಚಿಕೊಂಡರೆ ಅಜ್ಜಿ ಅದರ ಮೇಲೆ ಕೈಯಾಡಿಸುತ್ತಾ ‘ಸಾನಾ ಸಾನಾ, ಕೊಲೀತಾ ದೆ ರಾನಾ’ ಅಂತ ಹಾಡುತ್ತಾರೆ. ಕಪ್ಪೆಯ ಪುಟ್ಟ ಬಾಲವೇ ವಾಸಿಯಾಗು, ಇವತ್ತಲ್ಲದಿದ್ದರೆ ನಾಳೆ ವಾಸಿಯಾಗು ಅಂತ. ಕಪ್ಪೆಗೆ ಬಾಲ ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ, ನೋವಂತೂ ಹೋಗುತ್ತೆ. ಇನ್ನು ಅಮ್ಮ ಮಗಳನ್ನು ಕರೆಯುವ ಹೆಸರಿನಿಂದಲೇ ಹವಾಮಾನ ಗೊತ್ತಾಗುತ್ತೆ. ಒಂದೇ ಹೆಸರಾದರೆ ಊಟಕ್ಕೆ. ಎರಡು ಹೆಸರು, ಆಮೇಲೆ ಅಪ್ಪನ ಮನೆತನ, ಅದರ ಹಿಂದೆ ಅಮ್ಮನ ಮನೆತನವೂ ಸೇರಿ ನಾಲ್ಕೂ ಕೇಳಿಸಿದರೆ, ನಾನೂ ನಮ್ಮ ಮನೆಯ ಕಿಟಕಿ ಹಾಕಿಕೊಳ್ಳುತ್ತೇನೆ.

ನನಗೆ ಜಾಸ್ತಿ ನಗು ಬಂದಿದ್ದು ಆಫೀಸಿನ ಗೆಳತಿಯ ಕಥೆಗೆ. ಅವಳ ಅಪ್ಪ ಅಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಎಂಟು ವರ್ಷಕ್ಕೇ ಮನೆಯ ಅಧಿಕೃತ ದುಭಾಷಿ ಅವಳೇ. ಸ್ಕೂಲಿನ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಟೀಚರ್ ‘ಇವಳು ಕ್ಲಾಸಲ್ಲಿ ಬಾಯಿ ಮುಚ್ಚಲ್ಲ’ ಅಂದರಂತೆ. ಇವಳು ಅಮ್ಮನ ಕಡೆ ತಿರುಗಿ, ‘ನಾನು ಕ್ಲಾಸಲ್ಲಿ ಎಲ್ಲದಕ್ಕೂ ಉತ್ತರ ಕೊಡ್ತೀನಂತೆ’ ಅಂದಳು. ಅಮ್ಮನಿಗೆ ಖುಷಿಯೋ ಖುಷಿ, ಟೀಚರ್ ಕೈ ಹಿಡಿದು ಕುಲುಕಿದ್ದೇ ಕುಲುಕಿದ್ದು. ದೂರು ಕೊಟ್ಟರೆ ಇಷ್ಟು ಸಂತೋಷಪಡುವ ತಾಯಿಯನ್ನು ಟೀಚರ್ ಎಲ್ಲೂ ನೋಡಿರಲಿಕ್ಕಿಲ್ಲ. ಆದರೆ ಅದೇ ಹುಡುಗಿ ಡಾಕ್ಟರ್ ಹೇಳಿದ್ದನ್ನೂ ಅಪ್ಪನಿಗೆ ಹೇಳಬೇಕಿತ್ತು. ಅದನ್ನು ಹೇಳುವಾಗ ಅವಳು ನಗುವುದಿಲ್ಲ. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ತುರ್ತು ಹೊತ್ತಿನಲ್ಲಿ ಬಿಟ್ಟು ಮಕ್ಕಳನ್ನು ದುಭಾಷಿ ಮಾಡಿಕೊಳ್ಳಬಾರದು ಅಂತ 2016ರಲ್ಲಿ ನಿಯಮ ಬಂತು. ಅಷ್ಟು ಹೊತ್ತಿಗೆ ಅವಳಿಗೇ ಮಕ್ಕಳಾಗಿದ್ದವು.

ತಮಾಷೆ ಅಂದರೆ ಈ ಊರಲ್ಲಿ ಇಂಗ್ಲಿಷೇ ತಡವಾಗಿ ಬಂದ ನೆಂಟ. ಸ್ಪೇನ್‌ನವರು ಊರು ಕಟ್ಟಿದ್ದು 1718ರಲ್ಲಿ. ಟೆಕ್ಸಸ್ ಅಮೆರಿಕಕ್ಕೆ ಸೇರಿದ್ದು 1845ರಲ್ಲಿ. ಆದರೂ ನೆಂಟನೇ ಯಜಮಾನನಾದ. ಪಕ್ಕದ ಮನೆಯ ಅಜ್ಜಿ ಸ್ಕೂಲಲ್ಲಿ ಸ್ಪ್ಯಾನಿಷ್ ಮಾತಾಡಿ ಏಟು ತಿಂದವರು. ಪಶ್ಚಿಮ ಟೆಕ್ಸಸ್‌ನ ಮಾರ್ಫಾ ಊರಿನ ಬ್ಲ್ಯಾಕ್‌ವೆಲ್ ಶಾಲೆಯಲ್ಲಂತೂ 1954ರಲ್ಲಿ ಮಕ್ಕಳ ಕೈಯಲ್ಲಿ ಚೀಟಿ ಬರೆಸಿ, ಅದನ್ನು ಮಣ್ಣು ಮಾಡಿಸಿ, ‘ಮಿಸ್ಟರ್ ಸ್ಪ್ಯಾನಿಷ್’ ಸತ್ತ ಅಂತ ಶವಸಂಸ್ಕಾರವನ್ನೇ ನಡೆಸಿದ್ದರು. 2007ರಲ್ಲಿ ಅಲ್ಲಿನ ಹಳೆಯ ವಿದ್ಯಾರ್ಥಿಗಳು ಸೇರಿ ಸ್ಪ್ಯಾನಿಷನ್ನು ಸಾಂಕೇತಿಕವಾಗಿ ಮತ್ತೆ ಅಗೆದು ತೆಗೆದರು. ಈಗ ಆ ಶಾಲೆ ರಾಷ್ಟ್ರೀಯ ಐತಿಹಾಸಿಕ ತಾಣ.

ಏಟು ತಿಂದವರು ಏನು ಮಾಡುತ್ತಾರೆ? ತಮ್ಮ ಮಕ್ಕಳಿಗಾದರೂ ಈ ಪಾಡು ಬೇಡ ಅಂತ ಮನೆಯಲ್ಲೂ ಇಂಗ್ಲಿಷ್ ಹಿಡಿದರು. ಮೊಮ್ಮಕ್ಕಳ ಹೊತ್ತಿಗೆ ಸ್ಪ್ಯಾನಿಷ್ ತೂತು ಬಿದ್ದಿತ್ತು. ‘ನನಗೆ ಗೊತ್ತಿಲ್ಲ’ ಅನ್ನಲು ‘ನೋ ಸೆ’ ಅನ್ನಬೇಕು. ಮಕ್ಕಳು ಬೇರೆ ಕ್ರಿಯಾಪದಗಳ ಲೆಕ್ಕದಲ್ಲೇ ‘ನೋ ಸಾಬೊ’ ಅನ್ನುತ್ತಾರೆ. ಅದೇ ಈಗ ಇಂಥ ಮಕ್ಕಳಿಗೆಲ್ಲ ಅಡ್ಡಹೆಸರು: ‘ನೋ ಸಾಬೊ ಕಿಡ್ಸ್’. ಮದುವೆಮನೆಯಲ್ಲಿ ಚಿಕ್ಕಪ್ಪ, ದೊಡ್ಡಮ್ಮಂದಿರು ಬೇಕಂತಲೇ ಮಾತಾಡಿಸಿ ಮಜಾ ತಗೋತಾರೆ. ಪ್ಯೂ ಸಂಶೋಧನಾ ಕೇಂದ್ರ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ. 78ರಷ್ಟು ಲ್ಯಾಟಿನೋಗಳು, ನಮ್ಮವರು ಅನ್ನಿಸಿಕೊಳ್ಳಲು ಸ್ಪ್ಯಾನಿಷ್ ಬರಲೇಬೇಕು ಅಂತೇನಿಲ್ಲ ಅಂದಿದ್ದಾರೆ. ಅದೇ ಸಮೀಕ್ಷೆಯಲ್ಲಿ, ಸ್ಪ್ಯಾನಿಷ್ ಅಷ್ಟಾಗಿ ಬಾರದವರಲ್ಲಿ ಶೇ. 54 ಜನ, ನಮ್ಮವರೇ ನಮ್ಮ ಮನಸ್ಸು ನೋಯಿಸಿದ್ದಾರೆ ಅಂದಿದ್ದಾರೆ. ಅಂದರೆ ಭಾಷೆ ಬರದಿದ್ದರೂ ಪರವಾಗಿಲ್ಲ, ಬಾ ಕೂತ್ಕೋ, ಸ್ವಲ್ಪ ನಗ್ತೀವಿ ಅಂತ.

ನನ್ನ ತಕರಾರು ಇಷ್ಟೇ. ದುಭಾಷಿ ಹುಡುಗಿಯ ಸುಳ್ಳಿಗೆ ನಗಿ, ಇಂಗ್ಲಿಷ್ ಕಿವಿಗೇ ಹಾಕಿಕೊಳ್ಳದ ನಾಯಿಗೂ ನಗಿ. ತಪ್ಪು ತಪ್ಪಾಗಿಯಾದರೂ ಬಾಯಿ ಬಿಟ್ಟ ಮಗುವಿಗೆ ಮಾತ್ರ ನಗಬೇಡಿ. ಆ ಬಾಯಿ ಮತ್ತೆ ತೆರೆಯಲ್ಲ. ನಮ್ಮ ರಾಜ್ಯೋತ್ಸವದ ಊಟದಲ್ಲೂ ಇದನ್ನೇ ನೋಡಿದ್ದೇನೆ. ಒಂದು ಹುಡುಗ ‘ಅಜ್ಜಿ ಬಂದನು’ ಅಂದ. ಅಂಕಲ್ ಒಬ್ಬರು ಅದನ್ನೇ ಇಡೀ ಟೇಬಲ್ಲಿಗೆ ಅಣಕಿಸಿ ತೋರಿಸಿದರು. ಈಗ ಆ ಹುಡುಗ ಅವರ ಹತ್ತಿರ ‘ಹಾಯ್ ಅಂಕಲ್’ ಬಿಟ್ಟು ಇನ್ನೇನೂ ಮಾತಾಡಲ್ಲ. ಅಂಕಲ್ ಪ್ರತಿ ನವೆಂಬರ್‌ನಲ್ಲೂ ಮೈಕ್ ಹಿಡಿದು ಮಕ್ಕಳಿಗೆ ಕನ್ನಡ ಕಲಿಸಿ ಅಂತ ನಮಗೆ ಉಪದೇಶ ಮಾಡುತ್ತಾರೆ.

ಪಕ್ಕದ ಮನೆಯ ಹುಡುಗಿ ಇನ್ನೊಂದು ತರಹ. ಅಜ್ಜಿ ನಗದೆ ತಿದ್ದುತ್ತಾರೆ, ಇವಳು ತಿದ್ದಿಸಿಕೊಳ್ಳುತ್ತಾಳೆ. ‘ನೋ ಸೆ’ ಅನ್ನಬೇಕು ಅಂತ ಅವಳಿಗೆ ಯಾವತ್ತೋ ಗೊತ್ತಾಗಿದೆ. ಆದರೂ ಪಾತ್ರೆ ಯಾರು ತೊಳೀತಾರೆ ಅಂತ ಕೇಳಿದರೆ ಸಾಕು, ಬೇಕಂತಲೇ ‘ನೋ ಸಾಬೊ’ ಅಂತಾಳೆ. ಅಜ್ಜಿ ಕಾಲಲ್ಲಿರುವ ಚಪ್ಪಲಿಗೆ ಕೈ ಹಾಕುವಷ್ಟರಲ್ಲಿ ಗೇಟು ದಾಟಿರುತ್ತಾಳೆ, ನಾಯಿಯೂ ಹಿಂದೆ.