ನೆರಿಗೆಯ ಮೇಲೊಂದು ಬೆಲ್ಟು

ಕೊಡವರ ನಿಲುವಂಗಿ, ನಡುಪಟ್ಟಿಯಾದ ಕುಪ್ಯಚೇಲೆ ತೊಟ್ಟ ಗಂಡಸಿಗೆ ನಡುವಿನಲ್ಲಿ ಪೀಚೆಕತ್ತಿ. ಪೂರ್ತಿ ಸಜ್ಜಾದರೆ ಬೆನ್ನಿಗೆ ಒಡಿಕತ್ತಿ. ಬೇಬಿ ಕ್ಯಾರಿಯರ್ ಎಂಬ ಚೀಲದಲ್ಲಿ ಮಗುವನ್ನು ಕಟ್ಟಿಕೊಳ್ಳಲು ಮುಂದೆಯೂ ಜಾಗವಿಲ್ಲ, ಹಿಂದೆಯೂ ಇಲ್ಲ. ಹೆಂಗಸರ ಪಾಡು ಇನ್ನೊಂದು. ಕೊಡಗಿನ ಸೀರೆಗೆ ನೆರಿಗೆ ಹಿಂಬದಿಯಲ್ಲಿ. ಬಲಮುರಿಯಲ್ಲಿ ಕಾವೇರಿ ಹರಿದ ರಭಸಕ್ಕೆ ಹಾಗಾಯಿತೆಂದು ಕತೆ. ಬೇಬಿ ಕ್ಯಾರಿಯರಿಗೆ ಸೊಂಟದ ಬೆಲ್ಟು ಹೊಲಿದವರಿಗೆ ಈ ಕತೆ ಗೊತ್ತಿರಲಾರದು. ಆ ಅಗಲದ ಪಟ್ಟಿ ನೆಟ್ಟಗೆ ಹೋಗಿ ನೆರಿಗೆಯ ಗಂಟಿನ ಮೇಲೆ ಕೂರುತ್ತದೆ. ಹತ್ತು ಹೆಜ್ಜೆಗೆ ಒತ್ತುತ್ತದೆ, ಇಪ್ಪತ್ತಕ್ಕೆ ಜಾರುತ್ತದೆ, ಮದುವೆ ಮಂಟಪದ ಮೆಟ್ಟಿಲು ಹತ್ತುವ ಹೊತ್ತಿಗೆ ನೆರಿಗೆಯನ್ನೂ ಜೊತೆಗೆ ಎಳೆದುಕೊಂಡು ಬರುತ್ತದೆ. ಸೀರೆಯ ದಿನಕ್ಕೆ ರಿಂಗ್ ಸ್ಲಿಂಗೇ ವಾಸಿ. ಎರಡು ಮೀಟರ್ ಚಿಲ್ಲರೆ ಬಟ್ಟೆ, ಬೆಸುಗೆಯಿಲ್ಲದ ಎರಡು ಬಳೆ, ಒಂದು ಭುಜ. ಸೊಂಟದ ಗೊಡವೆಯೇ ಇಲ್ಲ. ಸೆರಗಿನ ಪಿನ್ನು ಬಲಭುಜದಲ್ಲಿರುವುದರಿಂದ ಸ್ಲಿಂಗ್ ಎಡಭುಜಕ್ಕೆ ಬರಲಿ. ಮಗುವಿನ ಕೆನ್ನೆಗೂ ಪಿನ್ನಿಗೂ ದೂರ ಇದ್ದಷ್ಟೂ ಒಳ್ಳೆಯದು.

ಹಾಗಾದರೆ ಚಕ್ರದ ಗಾಡಿಯೇ ಆಗಬಹುದಲ್ಲ ಎಂದರೆ, ಅದನ್ನು ಮಡಿಕೇರಿಯ ಏರುರಸ್ತೆಯಲ್ಲಿ ತಳ್ಳಿ ನೋಡಬೇಕು. ಇಳಿಜಾರಿನಲ್ಲಿ ಗಾಡಿಯೇ ಮನುಷ್ಯರನ್ನು ಎಳೆಯುತ್ತದೆ. ರಸ್ತೆಯಿಂದ ತೋಟದ ಮನೆಗೆ ತಿರುಗಿದ ಮೇಲಂತೂ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಚಕ್ರ ಕೆಸರಿನ ಪಾಲು. ಇಲ್ಲಿ ಮಗುವನ್ನು ಹೊರಬೇಕು. ಎರಡು ಕೈ ಬಿಡುವಾಗಿರಬೇಕು, ಒಂದು ಕೊಡೆಗೆ, ಇನ್ನೊಂದು ಕಾಲಿಗೆ ಹತ್ತಿದ ಇಂಬಳ ಕೀಳುವುದಕ್ಕೆ.

ಅಂಗಡಿಯಲ್ಲಿ ಕ್ಯಾರಿಯರ್ ಆರಿಸುವಾಗ ಎಲ್ಲರೂ ಮೊದಲು ಮುಟ್ಟಿ ನೋಡುವುದು ಭುಜದ ಪಟ್ಟಿಯ ಮೆತ್ತೆಯನ್ನು. ನೋಡಬೇಕಾದ್ದು ಮಗು ಕೂರುವ ಬಟ್ಟೆಯ ಅಗಲವನ್ನು. ಅದು ಒಂದು ಮೊಣಕಾಲಿನ ಹಿಂಗುಳಿಯಿಂದ ಇನ್ನೊಂದರವರೆಗೆ ಬರಬೇಕು. ಆಗ ಮಂಡಿ ಕುಂಡೆಗಿಂತ ಸ್ವಲ್ಪ ಮೇಲಿದ್ದು, ಮಗು ಕಪ್ಪೆಯ ಹಾಗೆ ಕೂರುತ್ತದೆ. ಬಟ್ಟೆ ಕಿರಿದಾದರೆ ಕಾಲುಗಳು ಗಂಟೆಯ ನಾಲಗೆಯಂತೆ ಜೋಲುತ್ತವೆ, ಭಾರವೆಲ್ಲ ತೊಡೆಸಂದಿಗೆ ಬೀಳುತ್ತದೆ. ಎಳೆ ಸೊಂಟದ ಕೀಲಿಗೆ ಅದು ಹಿತವಲ್ಲ. ವೆಲ್ಕ್ರೋ ಅಥವಾ ದಾರದಿಂದ ಅಗಲ ಹೆಚ್ಚುಕಡಿಮೆ ಮಾಡುವಂಥದ್ದಾದರೆ ಒಂದೇ ಕ್ಯಾರಿಯರ್ ವರ್ಷ ದಾಟಿಯೂ ಬಾಳುತ್ತದೆ.

ಪೆಟ್ಟಿಗೆಯ ಮೇಲಿನ ತೂಕವನ್ನೂ ಓದಬೇಕು. ಬಹಳಷ್ಟು ಬೆಲ್ಟಿನ ಕ್ಯಾರಿಯರುಗಳು ಶುರುವಾಗುವುದೇ 3.5 ಕೆಜಿಯ ಆಸುಪಾಸಿನಲ್ಲಿ. ನಮ್ಮಲ್ಲಿ ಎರಡೂವರೆ, ಮೂರು ಕೆಜಿಗೆ ಹುಟ್ಟುವ ಕೂಸುಗಳೇ ಹೆಚ್ಚು. ಅಂದರೆ ಆಸ್ಪತ್ರೆಯಿಂದ ಬರುವ ದಿನಕ್ಕೆಂದು ಕೊಂಡದ್ದು ಮೊದಲ ಒಂದೆರಡು ತಿಂಗಳು ಗೂಟದಲ್ಲಿ ನೇತಾಡುತ್ತದೆ. ಕೊಂಡುಕೊಳ್ಳುವ ಮುಂಚೆ ಯಾರದಾದರೂ ಕ್ಯಾರಿಯರ್ ಎರವಲು ತಂದು, ಐದು ಕೆಜಿ ಅಕ್ಕಿ ಚೀಲ ಕೂರಿಸಿ, ಮನೆಯ ಹಿಂದಿನ ಏರನ್ನು ಇಪ್ಪತ್ತು ನಿಮಿಷ ಹತ್ತಿಳಿದು ನೋಡಬಹುದು. ಅಕ್ಕಿ ಅಳುವುದಿಲ್ಲ, ಅಳುವುದು ಭುಜವೋ ಸೊಂಟವೋ ಎಂಬುದು ಗೊತ್ತಾಗುತ್ತದೆ. ಭುಜ ನೋಯುತ್ತಿದ್ದರೆ ಬೈಗುಳ ಮೆತ್ತೆಗೆ ಬೀಳುತ್ತದೆ. ತಪ್ಪು ಸಾಮಾನ್ಯವಾಗಿ ಬೆಲ್ಟಿನದು: ಅದು ಹೊಕ್ಕುಳಿನ ಮೇಲೆ ಸಡಿಲವಾಗಿ ಕೂತಿರುತ್ತದೆ. ಸೊಂಟದ ಮೂಳೆಯ ಅಂಚಿಗೆ ಇಳಿಸಿ ಬಿಗಿದರೆ ಭಾರ ಮೂಳೆಗೆ ಹೋಗುತ್ತದೆ, ಭುಜಕ್ಕೆ ಮಗುವನ್ನು ಎದೆಗೊತ್ತಿ ಹಿಡಿಯುವ ಕೆಲಸವಷ್ಟೇ ಉಳಿಯುತ್ತದೆ.

ಕಟ್ಟುವುದಕ್ಕೂ ಒಂದು ಕ್ರಮವಿದೆ. ಮೊದಲು ಬೆಲ್ಟು, ಬಕಲ್ ಟಕ್ಕೆನ್ನುವ ತನಕ. ಆಮೇಲೆ ಮಂಚದ ಅಂಚಿನಲ್ಲಿ ಕೂತು ಮಗುವನ್ನು ಎದೆಗೆ ತಂದು, ಒಂದು ಕೈ ಅದರ ಬೆನ್ನು ಬಿಡದ ಹಾಗೆ ಬಟ್ಟೆಯನ್ನು ಮೇಲೆಳೆದು, ಭುಜದ ಪಟ್ಟಿಗಳನ್ನು ಒಂದೊಂದಾಗಿ ಹಾಕಿಕೊಳ್ಳುವುದು. ಎರಡು ಪಟ್ಟಿ ಸೇರಿಸುವ ಕ್ಲಿಪ್ಪು ಬೆನ್ನಲ್ಲಿದ್ದರೆ ಮೊದಲ ವಾರ ಕೈ ಎಟಕುವುದಿಲ್ಲ, ಮನೆಯವರನ್ನು ಕೂಗಬೇಕು. ಕೊನೆಗೆ ಬಟ್ಟೆಯ ಮೇಲಿಂದಲೇ ಎರಡು ಮಂಡಿಯನ್ನೂ ಮೆಲ್ಲಗೆ ಮೇಲಕ್ಕೆ ತಳ್ಳಿದರೆ ಕುಂಡೆ ತಾನಾಗಿ ತಗ್ಗಿಗೆ ಇಳಿಯುತ್ತದೆ. ಮಗುವಿನ ನೆತ್ತಿಗೆ ತಲೆ ಬಗ್ಗಿಸಿ ಮುತ್ತಿಡುವಂತಿರಬೇಕು; ಎಟಕದಿದ್ದರೆ ಮಗು ಕೆಳಗಿದೆ. ಗದ್ದ ಎದೆಗೆ ತಾಗಿರಬಾರದು, ಎರಡು ಬೆರಳು ಹಿಡಿಸುವಷ್ಟು ಸಂದು ಬೇಕು. ಎಳೆ ಮಗುವಿನ ಉಸಿರ ದಾರಿ ಮೆತ್ತಗಿನ ನಳಿಗೆ. ಕತ್ತು ಮಡಿಸಿದರೆ ಅದೂ ಮಡಿಸುತ್ತದೆ, ಸದ್ದಿಲ್ಲದೆ. ನಿದ್ದೆ ಬಂದಿದೆ ಎಂದು ಸುಮ್ಮನಾಗುವುದು ಇಲ್ಲಿ ನಡೆಯದು, ಮುಖ ಯಾವಾಗಲೂ ಕಣ್ಣಿಗೆ ಕಾಣುತ್ತಿರಬೇಕು. ಮಳೆ ಬಂತೆಂದು ಪ್ಲಾಸ್ಟಿಕ್ ಹೊದಿಸುವುದೂ, ರೈನ್‌ಕೋಟಿನ ಜಿಪ್ಪನ್ನು ಮಗುವಿನ ತಲೆ ಮೇಲೆ ಎಳೆಯುವುದೂ ಬೇಡ. ಕೊಡೆ ದೊಡ್ಡದಿರಲಿ. ಕತ್ತು ನಿಲ್ಲುವ ತನಕ ಮುಖ ಹೊರುವವರ ಕಡೆಗೇ.

ಕ್ಯಾರಿಯರ್ ಕಟ್ಟಿಕೊಂಡು ಸ್ಕೂಟರ್ ಏರುವವರಿದ್ದಾರೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸವಾರನಿಗೆ ಬಿಗಿಯುವ ಸುರಕ್ಷಾ ಪಟ್ಟಿ, ಒಂಬತ್ತು ತಿಂಗಳು ಮೇಲ್ಪಟ್ಟವರಿಗೆ ಹೆಲ್ಮೆಟ್, ವೇಗ ಗಂಟೆಗೆ 40 ಕಿಲೋಮೀಟರಿನೊಳಗೆ ಎಂದು 2022ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮ ಹೇಳುತ್ತದೆ. ಆ ಪಟ್ಟಿ ಬೇರೆ, ಈ ಚೀಲ ಬೇರೆ. ಕಾರಿನಲ್ಲೂ ಅಷ್ಟೆ: ಸಂಪಾಜೆ ಘಾಟಿಯ ತಿರುವಿನಲ್ಲಿ ಬ್ರೇಕ್ ಬಿದ್ದರೆ ಕ್ಯಾರಿಯರಿನ ಮಗು ದೊಡ್ಡವರ ಭಾರಕ್ಕೂ ಮುಂದಿನ ಸೀಟಿಗೂ ನಡುವೆ ಸಿಕ್ಕುತ್ತದೆ. ಅಲ್ಲಿಗೆ ಹಿಮ್ಮುಖದ ಮಕ್ಕಳ ಸೀಟೇ ಬೇಕು.

ಇನ್ನು ಮಗುವಿನ ಕೋಣೆ. ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಹರಳುಗಿಡದ ಕಡ್ಡಿಯ ಪುಟ್ಟ ಬಿಲ್ಲನ್ನು ಕೈಗೆ ಮುಟ್ಟಿಸಿ, ಹೊರಗೆ ಗುಂಡು ಹಾರಿಸುತ್ತಿದ್ದರು. ಸಾಮಾನಿನ ಪಟ್ಟಿ ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ಈಗಿನ ಪಟ್ಟಿಗೆ ಕೊನೆಯಿಲ್ಲ, ಅರ್ಧಕ್ಕರ್ಧ ಹೊಡೆದುಹಾಕಬಹುದು. ದಿಂಬು ಬೇಡ, ತಲೆ ದುಂಡಗಾಗಲೆಂದು ಇಡುವ ರಾಗಿ ದಿಂಬು, ಸಾಸಿವೆ ದಿಂಬೂ ಬೇಡ. ಮಲಗಿಸುವುದು ಅಂಗಾತ, ಒತ್ತಿದರೆ ತಗ್ಗಾಗದ ಗಟ್ಟಿ ಹಾಸಿಗೆಯ ಮೇಲೆ. ತೊಟ್ಟಿಲಿನ ಕಂಬಿಗಳ ನಡುವೆ ಆರು ಸೆಂಟಿಮೀಟರಿಗಿಂತ ಹೆಚ್ಚು ಸಂದಿರಬಾರದು. ಹಳೆಯ ಬೀಟೆ ಮರದ ತೊಟ್ಟಿಲನ್ನು ಅಟ್ಟದಿಂದ ಇಳಿಸಿದಾಗ ಮೊದಲು ಅಳೆಯಬೇಕಾದ್ದು ಇದನ್ನೇ. ತೋಟದಲ್ಲಿ ಕಾಫಿ ಕುಯ್ಯುವಾಗ ಸಿಲ್ವರ್ ಓಕ್ ಮರಗಳ ನಡುವೆ ಕಟ್ಟುವ ಸೀರೆ ಜೋಲಿಯಲ್ಲೂ ಕ್ಯಾರಿಯರಿನದೇ ಅಪಾಯ. ಬಟ್ಟೆ ಬಾಗಿದಂತೆ ಗದ್ದ ಎದೆಗೆ ಬೀಳುತ್ತದೆ. ಅಡ್ಡಕ್ಕೆ ಕೋಲು ಕೊಟ್ಟು ಬಟ್ಟೆ ಅಗಲಿಸಿ, ನೆಲದಿಂದ ಒಂದೆರಡು ಗೇಣಿನ ಎತ್ತರಕ್ಕೇ ಕಟ್ಟಿ, ಒಬ್ಬರು ಪಕ್ಕದಲ್ಲಿರಬೇಕು. ರಾತ್ರಿಯ ನಿದ್ದೆಗೆ ಅದು ಆಗದು.

ವಾಕರ್ ಕೊಳ್ಳುವ ದುಡ್ಡನ್ನು ಉಳಿಸಿಕೊಳ್ಳಬಹುದು. ಕೆನಡಾದವರು 2004ರಲ್ಲೇ ಅದನ್ನು ನಿಷೇಧಿಸಿದ್ದಾರೆ, ನಮ್ಮ ಮನೆಗಳ ಜಗಲಿ ಮೆಟ್ಟಿಲು ನೋಡದೆಯೇ.

ಉಳಿದ ದುಡ್ಡೆಲ್ಲ ಲಂಗೋಟಿಗೆ. ಎಳೆಗೂಸಿಗೆ ದಿನಕ್ಕೆ ಹತ್ತು ಲಂಗೋಟಿ ಬೇಕು. ಬಯಲುಸೀಮೆಯಲ್ಲಿ ಬೆಳಿಗ್ಗೆ ಒಗೆದದ್ದು ಮಧ್ಯಾಹ್ನಕ್ಕೆ ಗರಿಗರಿ. ಎರಡು ಡಜನ್ ಇದ್ದರೆ ಧಾರಾಳ. ಜಡಿಮಳೆಯ ಕಕ್ಕಡ ತಿಂಗಳಲ್ಲಿ ಇಲ್ಲಿ ಅದೇ ಬಟ್ಟೆ ಮೂರು ದಿನವಾದರೂ ಹಸಿ ಹಸಿ. ಹಗ್ಗದ ಮೇಲೆ ಮೂವತ್ತು, ಮಗುವಿನ ಪಾಲಿಗೆ ಹತ್ತು: ನಲವತ್ತು ಬೇಕು. ಕರೆಂಟು ಹೋದರೆ ಡ್ರೈಯರೂ ಮೂಲೆಯ ಸಾಮಾನು. ಒಲೆಯ ಮೇಲಿನ ಹಗ್ಗದಲ್ಲಿ ಒಣಗುತ್ತದೆ, ಆದರೆ ಹೊಗೆ ಬಟ್ಟೆಯನ್ನು ಬಿಡುವುದಿಲ್ಲ. ಹೊಗೆ ತಾಗದ ಬೆಚ್ಚನೆ ಗೋಡೆಯ ಪಕ್ಕ ಹರಡಿ, ಕೊನೆಗೆ ಇಸ್ತ್ರಿ ಹೊಡೆದು ಮುಗಿಸುವುದು ಮೇಲು. ಕೆಂಡದ ಬಾಣಲೆಯನ್ನು ಮಾತ್ರ ಬಾಣಂತಿಯ ಕೋಣೆಗೆ ತಂದು ಬಾಗಿಲು ಮುಚ್ಚಬಾರದು. ಹೊಗೆಯಿಲ್ಲದ ಕೆಂಡವೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ, ಅದಕ್ಕೆ ವಾಸನೆಯಿಲ್ಲ.

ಬೂಷ್ಟು ಹಿಡಿಯದಿರಲೆಂದು ಟ್ರಂಕಿಗೆ ನುಸಿಗುಳಿಗೆ ಹಾಕುವ ಅಭ್ಯಾಸ ಮನೆಮನೆಯಲ್ಲಿದೆ. ಮಗುವಿನ ಬಟ್ಟೆಯಿರುವ ಟ್ರಂಕಿಗೆ ಅದು ಕೂಡದು. ಜಿ6ಪಿಡಿ ಎಂಬ ಕಿಣ್ವ ಕಡಿಮೆಯಿರುವ ಕೂಸುಗಳಲ್ಲಿ ಆ ಗುಳಿಗೆಯ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆದು ಕಾಮಾಲೆ ತರುತ್ತದೆ, ಯಾವ ಕೂಸಿಗೆ ಕಡಿಮೆಯೆಂದು ಮುಖ ನೋಡಿ ತಿಳಿಯುವುದಿಲ್ಲ.

ಕ್ಯಾರಿಯರಿಗೂ ಬೂಷ್ಟು ಬರುತ್ತದೆ, ಮೊದಲು ಭುಜದ ಮೆತ್ತೆಯ ಒಳಗೆ. ಹೊರಗಿನ ಬಟ್ಟೆ ಮುಟ್ಟಿದರೆ ಒಣಗಿದಂತಿರುತ್ತದೆ. ಮೂಗಿಗೆ ಹಿಡಿದರೆ ನಿಜ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಅದನ್ನು ಪೂರ್ತಿ ನೆನೆಸದೆ, ಮಗು ಕಚ್ಚಿ ಜೊಲ್ಲು ಸುರಿಸುವ ಅಂಚನ್ನಷ್ಟೇ ಒರೆಸಿ, ಅಲ್ಲಿಗೊಂದು ತೆಳ್ಳನೆ ಬಟ್ಟೆ ಸುತ್ತಿಟ್ಟರೆ ಸಾಕು. ಮಳೆ ಹೊಳವಾದ ದಿನ ಬಕಲ್‌ಗಳನ್ನೆಲ್ಲ ಬಿಚ್ಚಿ, ಒಳಮೈ ಬಿಸಿಲಿಗೆ ತಿರುಗಿಸಿ, ಕಾಫಿ ಕಣದ ಪಕ್ಕದ ತಂತಿಗೆ ಹಾಕಬೇಕು. ಮೆತ್ತೆ ಪೂರ್ತಿ ಒಣಗಲು ಎರಡು ದಿನದ ಬಿಸಿಲು ಬೇಕು, ಸಿಕ್ಕರೆ.