ಇಳಿಜಾರಿನ ಕೆಳಗಿನ ಮನೆಗೂ ಒಂದು ನೋಟಿಸ್

ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ, ಡಾಲಸ್ ಸುತ್ತಲಿನ ಎಷ್ಟೋ ಊರುಗಳಲ್ಲಿ ಖಾಲಿ ಜಾಗದ ಮುಂದೆ ಒಂದು ಬೋರ್ಡು ನೆಟ್ಟಿರುತ್ತಾರೆ. ಈ ಜಾಗದ ವಲಯ (ಅಲ್ಲಿ ಏನು ಕಟ್ಟಬಹುದೆಂಬ ವರ್ಗ) ಬದಲಾವಣೆಗೆ ಅರ್ಜಿ ಬಂದಿದೆ, ವಿಚಾರಣೆ ಇಂಥ ದಿನ, ಇಷ್ಟು ಗಂಟೆಗೆ ಎಂದು. ಬೋರ್ಡಿಗಿಂತ ಮುಖ್ಯವಾದದ್ದು ಅಂಚೆಯಲ್ಲಿ ಬರುವ ಕಾಗದ. ಟೆಕ್ಸಸ್ ಕಾನೂನಿನಂತೆ, ಆ ಜಾಗದಿಂದ 200 ಅಡಿಯೊಳಗಿನ ಪ್ರತಿ ಜಮೀನು ಮಾಲೀಕರಿಗೂ ವಲಯ ಆಯೋಗದ ವಿಚಾರಣೆಗೆ 10 ದಿನ ಮೊದಲೇ ಲಿಖಿತ ನೋಟಿಸ್ ಹೋಗಬೇಕು. ನಗರ ಕೌನ್ಸಿಲ್ ವಿಚಾರಣೆಗೆ 15 ದಿನ ಮುಂಚೆ ಪತ್ರಿಕೆಯಲ್ಲೂ ಪ್ರಕಟಣೆ ಬರಬೇಕು. ಅಕ್ಕಪಕ್ಕದ ಶೇ 20ರಷ್ಟು ಜಾಗದ ಮಾಲೀಕರು ಸಹಿ ಹಾಕಿ ವಿರೋಧಿಸಿದರೆ ಸರಳ ಬಹುಮತ ಸಾಲದು, ನಾಲ್ಕರಲ್ಲಿ ಮೂರು ಪಾಲು ಮತ ಬೇಕು. ಏಳು ಜನರ ಕೌನ್ಸಿಲ್‌ನಲ್ಲಿ ಅದು ಆರು ಮತ.

ಇದರಲ್ಲಿ ದೋಷ ಇಲ್ಲವೆಂದಲ್ಲ. ಬೆರಳೆಣಿಕೆಯ ನೆರೆಯವರು ಇದೇ ನಿಯಮ ಹಿಡಿದು ಬಾಡಿಗೆ ಮನೆಗಳ ಯೋಜನೆಗಳನ್ನು ತಡೆದರು. ಹಾಗಾಗಿ ಮನೆಗಳ ಸಂಖ್ಯೆ ಹೆಚ್ಚಿಸುವ ಬದಲಾವಣೆಗಳಿಗೆ ಆ ಶೇ 20ನ್ನು 2025ರಲ್ಲಿ ಶೇ 60ಕ್ಕೆ ಏರಿಸಲಾಯಿತು. ಅದು ಸರಿಯಾದ ತಿದ್ದುಪಡಿಯೇ. ಆದರೆ ನೆರೆಯವರಿಗೆ ಮೊದಲೇ ತಿಳಿಸಬೇಕೆಂಬ ನಿಯಮವನ್ನು ಕೈಬಿಡಲಿಲ್ಲ. ಕೊಡಗಿಗೆ ಬೇಕಾದದ್ದು ಆ ಒಂದು ನಿಯಮ.

ನಮ್ಮಲ್ಲಿ ತೋಟದ ಜಾಗ ಕನ್ವರ್ಷನ್ ಆಗಬೇಕೆಂದರೆ, ಅಂದರೆ ಕೃಷಿಯೇತರ ಬಳಕೆಗೆ ಬದಲಾಗಬೇಕೆಂದರೆ, 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಅಡಿ ಜಿಲ್ಲಾಧಿಕಾರಿಗೆ ಅರ್ಜಿ. ಕಟ್ಟಡದ ಪರವಾನಗಿ ಪಂಚಾಯಿತಿಯದ್ದು, ಪಟ್ಟಣವಾದರೆ ನಗರಸಭೆ ಅಥವಾ ಪುರಸಭೆಯದ್ದು. ಫೈಲು ಆರ್‌ಟಿಸಿ, ಸ್ಕೆಚ್ಚು ಹೊತ್ತು ಮೇಜಿಂದ ಮೇಜಿಗೆ ನಡೆಯುತ್ತದೆ. ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಕೆಳಗಿನ ಮನೆಯವರಿಗೆ ಸುದ್ದಿ ಮುಟ್ಟುವುದು ಮಾತ್ರ ಜೆಸಿಬಿಯ ಸದ್ದಿನಿಂದ.

ಆ ಜೆಸಿಬಿ ಏನು ಮಾಡುತ್ತದೆಂದು ಸ್ವಲ್ಪ ಲೆಕ್ಕ ಹಾಕಿ ನೋಡೋಣ. 30 ಡಿಗ್ರಿ ಇಳಿಜಾರಿನಲ್ಲಿ 40 ಅಡಿ ಅಗಲದ ಮಟ್ಟಸ ಜಾಗ ಬೇಕೆಂದು ಪೂರ್ತಿ ಅಗೆದರೆ ಹಿಂದುಗಡೆ ಸುಮಾರು 23 ಅಡಿ ಎತ್ತರದ ಬರೆ ನಿಲ್ಲುತ್ತದೆ. 60 ಅಡಿ ಉದ್ದಕ್ಕೆ ಹೊರಬರುವ ಮಣ್ಣು 27 ಸಾವಿರ ಘನ ಅಡಿಗೂ ಹೆಚ್ಚು. 200 ಘನ ಅಡಿ ಹಿಡಿಯುವ ಟಿಪ್ಪರಿಗೆ 130 ಲೋಡು ದಾಟುತ್ತದೆ. ಅಷ್ಟನ್ನು ಯಾರೂ ದುಡ್ಡು ಕೊಟ್ಟು ಸಾಗಿಸುವುದಿಲ್ಲ, ಕೆಳಗಿನ ಅಂಚಿಗೆ ತಳ್ಳುತ್ತಾರೆ. ಸಡಿಲ ಮಣ್ಣು ಹಳೆಯ ಹುಲ್ಲು, ತರಗೆಲೆಯ ಮೇಲೆಯೇ ಕೂತಿರುತ್ತದೆ. ಎರಡರ ನಡುವೆ ಹಿಡಿತವಿಲ್ಲ. ಆಷಾಢದ ಮಳೆ ಹಿಡಿಯಿತೆಂದರೆ ನೀರು ಕುಡಿದು ಭಾರವಾಗಿ, ಆ ಪದರದ ಮೇಲೆಯೇ ಜಾರುತ್ತದೆ. ಮೇಲಿನ ಬರೆಗಾದರೋ ಬುಡದ ಆಸರೆ ಹೋಗಿರುತ್ತದೆ. ತಳ್ಳಿದ ಮಣ್ಣು ತೋಡಿನ (ಹಳ್ಳದ) ಬಾಯಿ ಮುಚ್ಚಿದ್ದರಂತೂ ನೀರು ಹೊಸ ದಾರಿ ಹುಡುಕಿಕೊಂಡು ಯಾರದೋ ಅಂಗಳಕ್ಕೆ ನುಗ್ಗುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಕಾಲೂರು ಕಡೆ ಕಂಡ ಅನಾಹುತದ ಹಿಂದೆ ಅತಿಯಾದ ಮಳೆಯ ಜೊತೆಗೆ ಇಳಿಜಾರು ಕಡಿದದ್ದೂ ಇತ್ತು ಎಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಹೇಳಿತು.

ಆದ್ದರಿಂದ ಟೆಕ್ಸಸ್‌ನ 200 ಅಡಿಯ ವೃತ್ತವನ್ನು ಹಾಗೇ ತಂದರೆ ಇಲ್ಲಿ ಕೆಲಸಕ್ಕೆ ಬಾರದು. ಅದು ಚಪ್ಪಟೆ ನೆಲದ ಅಳತೆ. ಕೊಡಗಿನಲ್ಲಿ ನೆರೆಯವರೆಂದರೆ ನೀರು ಇಳಿಯುವ ದಾರಿಯಲ್ಲಿರುವವರು. ನೋಟಿಸ್ ಸೈಟಿನಿಂದ ಹೊರಟು ಇಳಿಜಾರು ಹಿಡಿದು, ಮುಂದಿನ ತೋಡು ಅಥವಾ ಗದ್ದೆಯ ಬಯಲು ಸಿಗುವವರೆಗೆ ಪ್ರತಿ ಮನೆಗೂ ಹೋಗಬೇಕು. ಟೆಕ್ಸಸ್ ಮಾಲೀಕರಿಗೆ ಮಾತ್ರ ಕಾಗದ ಕಳಿಸುತ್ತದೆ, ಬಾಡಿಗೆದಾರರನ್ನು ಬಿಡುತ್ತದೆ. ಆ ತಪ್ಪು ನಮಗೆ ಬೇಡ. ಬರೆಯ ಬುಡದಲ್ಲಿರುವ ಲೈನ್ ಮನೆಗಳಲ್ಲಿ (ತೋಟದ ಕಾರ್ಮಿಕರ ಸಾಲುಮನೆಗಳಲ್ಲಿ) ಮಲಗುವವರ ಹೆಸರಿನಲ್ಲಿ ಯಾವ ಆರ್‌ಟಿಸಿಯೂ ಇಲ್ಲ, ಮಣ್ಣು ಮೊದಲು ಬೀಳುವುದು ಅವರ ಮೇಲೆ.

ನಾಯಿಯ ವಿಷಯದಲ್ಲೂ ಇದೇ ತರ್ಕ ನಡೆಯುತ್ತದೆ. ಕೆಣಕದೆ ಇದ್ದರೂ ಆವರಣದ ಹೊರಗೆ ಯಾರನ್ನಾದರೂ ಕಚ್ಚಿ ಗಾಯ ಮಾಡಿದ ನಾಯಿ ಟೆಕ್ಸಸ್‌ನಲ್ಲಿ 'ಅಪಾಯಕಾರಿ ನಾಯಿ' ಆಗಬಹುದು. ಹಾಗೆಂದು ತಿಳಿದ ಮೇಲೆ ಮಾಲೀಕರು 30 ದಿನದೊಳಗೆ ನೋಂದಣಿ ಮಾಡಿಸಬೇಕು. ಬೀಗವಿರುವ ಆವರಣ, ಹೊರಗೆ ತಂದರೆ ಹಗ್ಗ, ಕನಿಷ್ಠ ಒಂದು ಲಕ್ಷ ಡಾಲರ್‌ನ ಹೊಣೆಗಾರಿಕೆ ವಿಮೆ. ನಗರಗಳು ಇನ್ನೂ ಷರತ್ತು ಸೇರಿಸಬಹುದು, ಆದರೆ ಒಂದೇ ತಳಿಯನ್ನು ಗುರಿಯಾಗಿಸುವಂತಿಲ್ಲ. ನಮ್ಮ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ 23 ತಳಿಗಳ ಪಟ್ಟಿ ಮಾಡಿ ನಿಷೇಧದ ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರನ್ನು ಕೇಳದೆ ಮಾಡಿದ್ದೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲೇ ಅದನ್ನು ರದ್ದುಗೊಳಿಸಿತು. ಕೇಳದೆ ಮಾಡಿದ ನಿಯಮ ನಿಲ್ಲುವುದಿಲ್ಲ.

ತೋಟಗಳಲ್ಲಿ ರಾತ್ರಿ ಬಿಡುವ ಕಾವಲು ನಾಯಿಗಳು ಬೆಳಿಗ್ಗೆಯೂ ರಸ್ತೆಯಲ್ಲೇ ಇರುತ್ತವೆ, ಕೆಲಸಕ್ಕೆ ಹೊರಟ ಹೆಂಗಸರು, ಶಾಲೆ ಮಕ್ಕಳು ಅದೇ ದಾರಿಯಲ್ಲಿ ಬರುತ್ತಾರೆ. ಸಾಕಿದ ಪ್ರಾಣಿಯ ಬಗ್ಗೆ ಅಜಾಗ್ರತೆ ತೋರಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್‌ನಲ್ಲಿ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಇದೆ. ಆದರೆ ಅದು ಕಚ್ಚಿದ ಮೇಲೆ ಪೊಲೀಸ್ ಠಾಣೆಯ ಮಾತು. ಮೊದಲ ದೂರಿಗೇ ಗೇಟು, ಸರಪಳಿ, ರೇಬೀಸ್ ಲಸಿಕೆಯ ಚೀಟಿ ಕೇಳಲು ಪಂಚಾಯಿತಿಗೆ ಒಂದು ರಿಜಿಸ್ಟರ್ ಸಾಕು. ಬೀದಿನಾಯಿಗಳದ್ದು ಬೇರೆ ದಾರಿ: 2023ರ ನಿಯಮಗಳಂತೆ ಸಂತಾನಹರಣ ಶಸ್ತ್ರಚಿಕಿತ್ಸೆ, ಲಸಿಕೆ, ಕಿವಿಯಲ್ಲಿ ಗುರುತು, ಅದು ಸ್ಥಳೀಯ ಸಂಸ್ಥೆಯ ಹೊಣೆ.

ಆನೆಗೆ ಮಾಲೀಕರಿಲ್ಲ, ಷರತ್ತು ಹಾಕಲು ಬರುವುದಿಲ್ಲ. ಷರತ್ತು ಹಾಕಬಹುದಾದದ್ದು ಕಟ್ಟಡಕ್ಕೆ. ಸಿದ್ದಾಪುರ, ತಿತಿಮತಿ ಕಡೆ ಆನೆ ಓಡಾಡುವ ದಾರಿಗೆ ಅಡ್ಡಲಾಗಿ ಹೋಂಸ್ಟೇ ಕಾಂಪೌಂಡ್ ಎದ್ದರೆ ಆನೆ ಪಕ್ಕಕ್ಕೆ ತಿರುಗಿ ಲೈನ್ ಮನೆಗಳ ಮುಂದೆ ಹಾಯುತ್ತದೆ. ಆದ್ದರಿಂದ ಆನೆ ದಾರಿಯಲ್ಲಿರುವವರೂ ಆ ನೋಟಿಸಿನ ಪಟ್ಟಿಯಲ್ಲಿರಬೇಕು.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು, ಹೊಸ ವೇದಿಕೆ ಹುಡುಕಬೇಕಿಲ್ಲ. ಅಲ್ಲಿ ಅರ್ಜಿಯ ಸ್ಕೆಚ್ಚಿನ ಮೇಲೆ ತೋಡು, ಬರೆ, ಆನೆ ದಾರಿ ಗುರುತು ಹಾಕಿ ತೋರಿಸಲಿ, ಯಾರು ಏನು ಹೇಳಿದರೆಂದು ನಡಾವಳಿಯಲ್ಲಿ ಹೆಸರು ಸಮೇತ ಬರೆಯಲಿ. ಆದರೆ ಹೊತ್ತು ನೋಡಿ ಕರೆಯಬೇಕು. ಮಣ್ಣು ಕೆಲಸ ನಡೆಯುವುದು ಕಾಫಿ ಕುಯ್ಲು ಮುಗಿದ ಒಣ ತಿಂಗಳುಗಳಲ್ಲಿ. ನೋಟಿಸ್ ಕುಯ್ಲು ಶುರುವಾಗುವ ಮೊದಲೇ ಮನೆ ಸೇರಿರಬೇಕು.